'ಸ್ಪಷ್ಟಪಡಿಸಿದರು' ಎಂದು ಬರೆಯುವ ಮುನ್ನ

ರಾಜಕಾರಣಿ ಸುಳ್ಳು ಹೇಳಿದರೆ ಪತ್ರಕರ್ತರು ಅಲ್ಲೇ ಪ್ರಶ್ನಿಸಬೇಕು ಎಂಬ ಮಾತು ಸರಿ. ಆದರೆ ಕೈಯಲ್ಲಿ ಕಾಗದವಿಲ್ಲದೆ ಕೇಳಿದರೆ ಸಚಿವರು 'ಮಾಹಿತಿ ತರಿಸಿ ಕೊಡುತ್ತೇನೆ' ಎಂದು ಕಾರು ಹತ್ತುತ್ತಾರೆ.

'ಇಷ್ಟು ಸಾವಿರ ಕೋಟಿ ಕೊಟ್ಟಿದ್ದೇವೆ' ಎಂಬುದನ್ನೇ ತೆಗೆದುಕೊಳ್ಳಿ. ಕರ್ನಾಟಕದ ಬಜೆಟ್ ಪುಸ್ತಕದಲ್ಲಿ ಒಂದೊಂದು ಬಾಬ್ತಿಗೂ ನಾಲ್ಕು ಅಂಕಣ. 2024-25ರ ಪುಸ್ತಕವಾದರೆ 2022-23ರ ಲೆಕ್ಕ, 2023-24ರ ಆಯವ್ಯಯ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಆಮೇಲೆ 2024-25ರ ಅಂದಾಜು. ಭಾಷಣಕ್ಕೆ ಬರುವುದು ಸಾಮಾನ್ಯವಾಗಿ ಅಂದಾಜು. ನಿಜವಾಗಿ ಖರ್ಚಾದದ್ದು ಮೊದಲ ಅಂಕಣದಲ್ಲಿ, ಎರಡು ವರ್ಷ ಹಳೆಯದು. 2022-23ರ ಪುಸ್ತಕದ ಅಂದಾಜನ್ನು ಈ ಲೆಕ್ಕದ ಪಕ್ಕ ಇಟ್ಟರೆ ಕತ್ತರಿ ಎಲ್ಲಿ ಬಿತ್ತು ಗೊತ್ತಾಗುತ್ತದೆ. ಅಲ್ಲೂ ಒಂದು ಕಣ್ಕಟ್ಟಿದೆ: ಮಾರ್ಚ್ ಕೊನೆಯಲ್ಲಿ ಠೇವಣಿ ಖಾತೆಗೆ ಸರಿಸಿಟ್ಟ ಹಣವೂ 'ಖರ್ಚು' ಎಂದೇ ನಮೂದಾಗುತ್ತದೆ, ಕೆಲಸ ಮಾತ್ರ ಶುರುವಾಗಿರುವುದಿಲ್ಲ. ಅದನ್ನು ಹಿಡಿಯಲು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯನ್ನೇ ತಿರುವಬೇಕು.

ಇನ್ನು ಕ್ರಿಯಾಪದದ ಕಥೆ. ಯಾರೂ ಪರಿಶೀಲಿಸದ ಮಾತಿಗೆ 'ಸ್ಪಷ್ಟಪಡಿಸಿದರು', 'ಬಹಿರಂಗಪಡಿಸಿದರು' ಹಾಕಿದರೆ ವರದಿಗಾರನೇ ಸಾಕ್ಷಿ ನುಡಿದಂತೆ. 'ಹೇಳಿದರು' ಸಾಕು. ತಲೆಬರಹದಲ್ಲಿ ಸಚಿವರ ಅಂಕಿ, ಕೊನೇ ಪ್ಯಾರಾದಲ್ಲಿ ಪುಸ್ತಕದ ಅಂಕಿ: ಇದು ಸುದ್ದಿ ತಿದ್ದುವ ಡೆಸ್ಕ್‌ಗಳ ಹಳೇ ಚಾಳಿ (ಜಾಗ ಕಡಿಮೆಯಾದರೆ ಮೊದಲು ಹಾರುವುದೂ ಆ ಪ್ಯಾರಾವೇ). ಎರಡೂ ಮೊದಲ ವಾಕ್ಯದಲ್ಲೇ ಬರಲಿ. 'ಸುಳ್ಳು' ಎಂದು ಬರೆಯಬೇಕಾದರೆ ಅವರಿಗೆ ಸತ್ಯ ಗೊತ್ತಿತ್ತು ಎಂಬುದಕ್ಕೂ ಆಧಾರ ಬೇಕು. ಅದಿಲ್ಲದಿದ್ದರೆ 'ಈ ಅಂಕಿ ದಾಖಲೆಗೆ ತಾಳೆಯಾಗುವುದಿಲ್ಲ' ಎಂದು ಪುಟಸಂಖ್ಯೆ ಸಮೇತ ಬರೆಯಬಹುದು.