ಕೇಟ್ಲಿನ್ ಕ್ಲಾರ್ಕ್ ಕೊಡೋ ಪಾಸ್‌ಗಳನ್ನೂ ನೋಡ್ರಪ್ಪಾ

ನಮ್ಮ ಬಾಸ್ಕೆಟ್‌ಬಾಲ್ ಗ್ರೂಪಲ್ಲಿ ಮತ್ತೆ ಅದೇ ವಿಡಿಯೋ ಬಂದಿದೆ. ಅಮೆರಿಕದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಕೋರ್ಟಿನ ನಡುವೆ ಲೋಗೋ ಹತ್ತಿರ ನಿಂತು ಚೆಂಡು ಎಸೆಯುತ್ತಾಳೆ, ಅದು ಸೀದಾ ಬಾಸ್ಕೆಟ್ಟಿಗೆ ಬೀಳುತ್ತದೆ, ಜನ ಕಿರುಚುತ್ತಾರೆ. ಒಂದಾದ ಮೇಲೆ ಒಂದು, ಬರೀ ಅದೇ. ಒಂದೇ ಒಂದು ಪಾಸ್ ಇಲ್ಲ! ನನಗೆ ನಿಜವಾಗಿಯೂ ಸಿಟ್ಟು ಬಂತು.

ಹೌದು, ಆ ಶಾಟ್‌ಗಳು ಅದ್ಭುತ. ಅಯೋವಾ ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷದಲ್ಲಿ 3,951 ಪಾಯಿಂಟ್. ಅಮೆರಿಕದ ಕಾಲೇಜು ಆಟದ ಅತಿ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ 1970ರಿಂದ ಯಾರೂ ಮುಟ್ಟದ, ಗಂಡಸರ ಆಟದ ಪೀಟ್ ಮಾರಾವಿಚ್‌ನ 3,667ನ್ನೂ ದಾಟಿದಳು. ಆ ಹಂತದಲ್ಲಿ ಗಂಡಸರನ್ನೂ ಸೇರಿಸಿ ಇಷ್ಟು ಪಾಯಿಂಟ್ ಮಾಡಿದವರು ಬೇರೆ ಯಾರೂ ಇಲ್ಲ. ಆದರೆ ಅದೇ ನಾಲ್ಕು ವರ್ಷದಲ್ಲಿ 1,144 ಅಸಿಸ್ಟ್ (ಜೊತೆಯವರು ಬಾಸ್ಕೆಟ್ ಹಾಕುವಂತೆ ಕೊಟ್ಟ ಪಾಸ್) ಕೂಡ ಕೊಟ್ಟಿದ್ದಾಳೆ, ಅದನ್ನು ಯಾರು ಹೇಳ್ತಾರೆ? 2024ರ ಫೆಬ್ರವರಿಯಲ್ಲಿ ಮಿಷಿಗನ್ ವಿರುದ್ಧ ಮಹಿಳೆಯರ ಪಾಯಿಂಟ್ ದಾಖಲೆ ಮುರಿದ ರಾತ್ರಿ 49 ಪಾಯಿಂಟ್ ಹೊಡೆದಳು ಅಂತ ಎಲ್ಲರಿಗೂ ಗೊತ್ತು. ಆ ರಾತ್ರಿ 13 ಅಸಿಸ್ಟ್ ಇತ್ತು ಅಂತ ಎಷ್ಟು ಜನಕ್ಕೆ ಗೊತ್ತು?

ಇಲ್ಲಿರುವ ಹಳೇ ಗೆಳತಿಯರಿಗೆ ನನ್ನ ಸಂಕಟ ಅರ್ಥ ಆಗುತ್ತೆ. ಕಾಲೇಜು ಟೀಮಲ್ಲಿ ನಾನು ಪಾಯಿಂಟ್ ಗಾರ್ಡ್. ಆಟ ಕಟ್ಟೋದು ನಾವು, ಮಾರನೇ ದಿನ ನೋಟಿಸ್ ಬೋರ್ಡಲ್ಲಿ ಹೆಸರು ಬರೋದು ಬಾಸ್ಕೆಟ್ ಹಾಕಿದವರದ್ದು. ಆ ನೋವು ಈಗಲೂ ಇದೆ, ಮುಚ್ಚಿಡೋದೇನು.

ಪ್ರೊಫೆಷನಲ್ ಆಟದಲ್ಲಿ ಅವಳನ್ನು ಉಳಿಸಿದ್ದೇ ಪಾಸ್ ಅಂತ ನನ್ನ ಗಟ್ಟಿ ಅಭಿಪ್ರಾಯ. 2024ರ ಏಪ್ರಿಲ್ 7ಕ್ಕೆ ಕಾಲೇಜಿನ ಕೊನೇ ಆಟ, ಸೌತ್ ಕೆರೊಲಿನಾ ಎದುರು ಫೈನಲ್ ಸೋಲು. 15ಕ್ಕೆ ಡ್ರಾಫ್ಟಲ್ಲಿ (ಟೀಮುಗಳು ಹೊಸಬರನ್ನು ಆರಿಸೋ ದಿನ) ಮೊದಲನೆಯವಳಾಗಿ ಇಂಡಿಯಾನಾ ಫೀವರ್ ಟೀಮು ಸೇರಿದಳು. ಮೇ 14ಕ್ಕೆ ಅಮೆರಿಕದ ಮಹಿಳಾ ಪ್ರೊಫೆಷನಲ್ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಮೊದಲ ಆಟ. ಉಸಿರಾಡೋಕೂ ಸಮಯ ಇಲ್ಲ. ಆ ದಿನ 20 ಪಾಯಿಂಟ್ ಮಾಡಿದಳು, ಆದರೆ 10 ಸಲ ಚೆಂಡು ಕಳೆದುಕೊಂಡಳು. ಟೀಮು ಮೊದಲ ಒಂಬತ್ತು ಆಟದಲ್ಲಿ ಎಂಟು ಸೋತಿತು. ಕಾಲೇಜಲ್ಲಿ ಸ್ಟಾರ್ ಆದರೆ ಸಾಲದು ಅಂತ ಎಷ್ಟೊಂದು ಜನ ತೀರ್ಪು ಕೊಟ್ಟುಬಿಟ್ಟರು.

ಲೋಗೋ ಹತ್ತಿರದಿಂದಲೇ ಡಿಫೆಂಡರ್‌ಗಳು ಮೈಮೇಲೆ ಬೀಳೋಕೆ ಶುರು ಮಾಡಿದರು. ಅಲ್ಲೇ ಅವಳ ಬುದ್ಧಿ ಕಾಣೋದು. ಇಬ್ಬರು ತನ್ನ ಮೇಲೆ ಬಂದರೆ ತನ್ನವರಲ್ಲಿ ಒಬ್ಬರು ಖಾಲಿ ಇರಲೇಬೇಕು, ಅಲ್ವಾ? ಆ ಒಬ್ಬರು ಹೆಚ್ಚಾಗಿ ಅಲಿಯಾ ಬೋಸ್ಟನ್. 2023ರ ಕಾಲೇಜು ಸೆಮಿಫೈನಲ್‌ನಲ್ಲಿ ಒಂದೂ ಆಟ ಸೋಲದೆ ಬಂದಿದ್ದ ಬೋಸ್ಟನ್‌ಳ ಸೌತ್ ಕೆರೊಲಿನಾ ಟೀಮನ್ನು ಕ್ಲಾರ್ಕ್ 41 ಪಾಯಿಂಟ್ ಹೊಡೆದು ಮನೆಗೆ ಕಳಿಸಿದ್ದಳು. ಈಗ ಅದೇ ಬೋಸ್ಟನ್ ಸ್ಕ್ರೀನ್ ಹಾಕಿ (ಡಿಫೆಂಡರ್ ದಾರಿಗೆ ಅಡ್ಡ ನಿಂತು) ತಿರುಗುವಷ್ಟರಲ್ಲಿ ಚೆಂಡು ಕೈಯಲ್ಲಿರುತ್ತೆ. ಮೊದಮೊದಲು ಆ ವೇಗಕ್ಕೆ ಜೊತೆಯವರ ಕೈಯೇ ಸಿದ್ಧ ಇರುತ್ತಿರಲಿಲ್ಲ. ಆಮೇಲೆ ಒಗ್ಗಿಕೊಂಡರು. ಜುಲೈ 17ಕ್ಕೆ ಡಲ್ಲಾಸ್ ವಿರುದ್ಧ ಒಂದೇ ಆಟದಲ್ಲಿ 19 ಅಸಿಸ್ಟ್, ಲೀಗಿನ ದಾಖಲೆ. ಸೀಸನ್ ಮುಗಿಯುವಾಗ 337, ಅದೂ ಆಗ ದಾಖಲೆ. 2016ರ ನಂತರ ಫೀವರ್ ಮೊದಲ ಸಲ ಪ್ಲೇಆಫ್‌ಗೆ ಹೋಯಿತು.

ಟರ್ನೋವರ್, ಅಂದರೆ ಚೆಂಡು ಕಳೆದುಕೊಳ್ಳೋದು ಕೂಡ ಲೀಗಲ್ಲೇ ಜಾಸ್ತಿ ಅಂತ ಯಾರಾದರೂ ಕಾಮೆಂಟ್ ಹಾಕ್ತೀರಿ, ಗೊತ್ತು. 223, ನಾನೇ ಹೇಳ್ತೀನಿ. ಆದರೆ ಬೇರೆಯವರು ಯೋಚನೆಯನ್ನೂ ಮಾಡದ ಪಾಸ್ ಕೊಡೋಕೆ ಹೋದಾಗ ಕೆಲವು ತಪ್ಪಿಹೋಗುತ್ತವೆ. ಹೆದರಿ ಪಕ್ಕದವಳಿಗೇ ಚೆಂಡು ದಾಟಿಸುತ್ತಾ ಇದ್ದರೆ ಟರ್ನೋವರ್ ಕಮ್ಮಿ ಆಗುತ್ತೆ, ಬೋಸ್ಟನ್ ಕೈಗೆ ಮಾತ್ರ ಚೆಂಡು ಬರಲ್ಲ.

ಇನ್ನೂ ಅನುಮಾನ ಇದ್ದರೆ 2025 ನೋಡಿ. ಗಾಯಗಳಿಂದ 13 ಆಟ ಮಾತ್ರ ಆಡಿದಳು. ನೀವೆಲ್ಲ ಹಂಚಿಕೊಳ್ಳೋ ಆ ದೂರದ ಶಾಟ್, ತ್ರೀ ಪಾಯಿಂಟರ್, ಬೀಳೋದು ನೂರಕ್ಕೆ 28ರ ಆಸುಪಾಸಿಗೆ ಇಳಿಯಿತು. ಅಸಿಸ್ಟ್ ಆಟಕ್ಕೆ 8.4ರಿಂದ 8.8ಕ್ಕೆ ಏರಿತು! ಶಾಟ್ ಕೈಕೊಟ್ಟಾಗಲೂ ಆಟ ಕೈಕೊಡಲಿಲ್ಲ. ಡಲ್ಲಾಸ್ ಆಟದ ಆ 19 ಪಾಸ್‌ಗಳ ವಿಡಿಯೋ ಹುಡುಕಿ ಗ್ರೂಪಿಗೆ ಹಾಕ್ತಿದ್ದೀನಿ. ಪೂರ್ತಿ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.