ಲೆನ್ಸಿನ ಮಡಿ

ಕನ್ನಡಕದವರ ಪಾಡು ನೋಡಬೇಕಾದರೆ ಮಳೆಗಾಲದಲ್ಲಿ ನೋಡಬೇಕು. ಹೆಲ್ಮೆಟ್ ಒಳಗೆ ಅದನ್ನು ತೂರಿಸುವುದೇ ಒಂದು ಸರ್ಕಸ್. ಮನೆಗೆ ಬಂದು ಬಿಸಿ ಸಾರಿನ ಮೇಲೆ ಬಗ್ಗಿದರೆ ತಟ್ಟೆಯೇ ಮಾಯ. ಮದುವೆ ಮನೆಯಲ್ಲಿ ಫೋಟೋದವನು ‘ಗ್ಲಾಸ್ ತೆಗೀರಿ ಮೇಡಂ, ಲೈಟ್ ಹೊಡೀತಿದೆ’ ಅನ್ನುತ್ತಾನೆ. ತೆಗೆದ ಮೇಲೆ ಕ್ಯಾಮೆರಾ ಯಾವ ಕಡೆ ಅಂತಲೇ ತಿಳಿಯುವುದಿಲ್ಲ. ನಾನು ಕಾಂಟ್ಯಾಕ್ಟ್ ಲೆನ್ಸಿನ ಕಡೆ ವಾಲಿದ್ದು ಇಂಥ ಚಿಲ್ಲರೆ ಕಾರಣಗಳಿಗೇ.

ಮೊದಲು ಹೆದರಿದ್ದು ಅಜ್ಜಿ. ‘ಒಳಗೆ ಜಾರಿ ತಲೆಗೆ ಹೋಗಿಬಿಟ್ಟರೆ?’ ಹೋಗುವುದಿಲ್ಲ. ರೆಪ್ಪೆಯ ಒಳಪದರ ಮಡಚಿಕೊಂಡು ಬಂದು ಕಣ್ಣುಗುಡ್ಡೆಯನ್ನೇ ಹೊದೆಯುತ್ತದೆ, ಹಿಂದಕ್ಕೆ ದಾರಿಯೇ ಇಲ್ಲ. ಅಜ್ಜಿ ಅರ್ಧ ನಂಬಿದರು.

ಈ ಮೆತ್ತನೆ ಲೆನ್ಸಿನ ಹುಟ್ಟು ನನಗೆ ತುಂಬ ಇಷ್ಟ. 19ನೇ ಶತಮಾನದಲ್ಲಿ ಬಂದವು ಗಾಜಿನವು. ಕಣ್ಣಿನ ಬಿಳಿಯನ್ನೂ ಮುಚ್ಚುವಷ್ಟು ದೊಡ್ಡವು. ಪಾಪ, ಹಾಕಿಕೊಂಡವರು! ಆಮೇಲೆ 1961ರ ಕ್ರಿಸ್‌ಮಸ್ ಹೊತ್ತಿಗೆ ಓಟ್ಟೊ ವಿಕ್ಟರ್ಲೆ ಎಂಬ ಝೆಕ್ ರಸಾಯನ ವಿಜ್ಞಾನಿ ಮನೆಯಲ್ಲೇ ಒಂದು ಯಂತ್ರ ಕಟ್ಟಿದರು. ಮಕ್ಕಳ ಜೋಡಿಸುವ ಆಟಿಕೆಯ ಲೋಹದ ಪಟ್ಟಿಗಳು, ಸೈಕಲ್ ಡೈನಮೋ, ಅಷ್ಟೇ ಸಾಮಾನು. ಅಚ್ಚನ್ನು ಗಿರಗಿರ ತಿರುಗಿಸಿದರೆ, ನೀರು ಹೀರಿ ಮೆತ್ತಗಾಗುವ ಪ್ಲಾಸ್ಟಿಕ್ಕಿನ ಲೆನ್ಸು ತಯಾರು. ಹೆಂಡತಿಯೂ ಕೈ ಜೋಡಿಸಿದರಂತೆ. ಹಬ್ಬದ ದಿನ ನಮ್ಮನೆಯಲ್ಲಿ ಯಾರಾದರೂ ಹೀಗೆ ಸಾಮಾನು ಹರಡಿದ್ದರೆ ಗತಿ ಏನಾಗುತ್ತಿತ್ತೋ.

ಆದರೆ ಕನ್ನಡಕದಷ್ಟು ಸಲಿಗೆ ಲೆನ್ಸಿನ ಹತ್ತಿರ ನಡೆಯುವುದಿಲ್ಲ. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ದಿಂಬಿನ ಪಕ್ಕ ಎಸೆದು ಮಲಗಬಹುದು. ಲೆನ್ಸಿನದು ಥೇಟ್ ಅಜ್ಜಿಯ ಮಡಿ. ಸೋಪಿನಲ್ಲಿ ಕೈ ತೊಳೆಯಬೇಕು, ಒಣಗಿಸಬೇಕು, ಆಮೇಲೇ ಮುಟ್ಟಬೇಕು. ಹಾಕಿಕೊಂಡು ಮಲಗುವಂತಿಲ್ಲ. ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ರಕ್ತನಾಳಗಳಿಲ್ಲ, ಅದು ಆಮ್ಲಜನಕವನ್ನು ಹೆಚ್ಚಾಗಿ ಗಾಳಿಯಿಂದಲೇ ಪಡೆಯಬೇಕು. ರೆಪ್ಪೆಯೂ ಮುಚ್ಚಿ, ಲೆನ್ಸೂ ಮುಚ್ಚಿದರೆ ಅದು ಉಸಿರಾಡುವುದು ಹೇಗೆ?

ಈ ಮಡಿಯಲ್ಲಿ ಅಜ್ಜಿಗೆ ಒಪ್ಪಿಗೆಯಾಗದ್ದು ಒಂದೇ: ಲೆನ್ಸಿಗೆ ನೀರು ಸೋಕಿಸಬಾರದು. ‘ನೀರೇ ಮೈಲಿಗೆಯಾ?’ ಹೌದು. ನಲ್ಲಿ ನೀರಿನಲ್ಲಿ ಅಕಾಂತಮೀಬಾ ಎಂಬ ಕಣ್ಣಿಗೆ ಕಾಣದ ಜೀವಿ ಇರಬಹುದು. ಲೆನ್ಸಿನ ಜೊತೆ ಒಳಗೆ ಸೇರಿಕೊಂಡರೆ ದೃಷ್ಟಿಗೇ ಸಂಚಕಾರ. ಅದಕ್ಕೇ ಲೆನ್ಸ್ ತೊಳೆದು ನೆನೆಸಿಡಲು ದುಡ್ಡು ಕೊಟ್ಟು ತಂದ ಸೊಲ್ಯೂಷನ್, ಅದೂ ದಿನಾ ಹೊಸದು.

ಲೆನ್ಸ್ ಹಾಕಿ ಈರುಳ್ಳಿ ಹೆಚ್ಚಿದರೆ ಕಣ್ಣು ಅಷ್ಟಾಗಿ ಉರಿಯುವುದಿಲ್ಲ. ಮೆಣಸಿನಕಾಯಿ ಹೆಚ್ಚಿದ ಖಾರದ ಕೈಯಲ್ಲಿ ಲೆನ್ಸ್ ತೆಗೆಯಲು ಹೋದರೆ ಮಾತ್ರ, ದೇವರೇ ಗತಿ. ಹೀಗಾಗಿ ನಮ್ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ. ಈರುಳ್ಳಿ ಎಷ್ಟೇ ಇರಲಿ, ನನ್ನ ಪಾಲು. ಹಸಿಮೆಣಸಿನಕಾಯಿ ಅತ್ತಿಗೆಯದು.