ಹನ್ನೊಂದರ ಮನೆಗೆ ಹತ್ತರ ಬೋರ್ಡು

ಈ ತಿಂಗಳೂ ಆ ಎಕ್ಸೆಲ್ ಬಂದಿದೆ. ಕಂಪನಿಯ ಲ್ಯಾಪ್‌ಟಾಪು, ಫೋನುಗಳ ಮೇಲೆಲ್ಲ ಕಣ್ಣಿಟ್ಟಿರುವ ಡಿವೈಸ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರಿನಿಂದ ಇಳಿಸಿಕೊಂಡ ಪಟ್ಟಿ. ನಲವತ್ತು ಸಾಲಿಗೆ ಹಳದಿ ಬಳಿದು ಆಡಿಟರ್ ಸಾಹೇಬರು ಪಕ್ಕದಲ್ಲಿ ಬರೆದಿದ್ದಾರೆ: ‘ಇವೆಲ್ಲ ಇನ್ನೂ ವಿಂಡೋಸ್ 10. ಅದರ ಸಪೋರ್ಟು 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಯಾಕೆ ಅಪ್‌ಗ್ರೇಡ್ ಮಾಡಿಲ್ಲ?’

ವಿಂಡೋಸ್ 11 ಮಾಡಿದೆ ಸಾರ್. ಮಾಡಿ ಒಂದು ವರ್ಷ ಆಯ್ತು. ಸ್ಟಾರ್ಟ್ ಬಟನ್ ಮಧ್ಯಕ್ಕೆ ಬಂದು ಕೂತಿರುವುದು ಕಣ್ಣಿಗೆ ಕಾಣುತ್ತಿದೆ. ಆದರೆ ಆಡಿಟರಿಗೆ ಕಣ್ಣಿಗೆ ಕಾಣುವುದು ಸಾಲದು, ಪುರಾವೆ ಬೇಕು. ಸರಿ ಅಂತ ಕಮಾಂಡ್ ಪ್ರಾಂಪ್ಟ್ ತೆರೆದರೆ, ಇನ್ನೂ ಒಂದಕ್ಷರ ಟೈಪ್ ಮಾಡುವ ಮೊದಲೇ, ಅದು ತಾನಾಗಿ ಮೊದಲ ಸಾಲಿನಲ್ಲಿ ‘ವರ್ಷನ್ 10.0’ ಎಂದು ಒಪ್ಪಿಕೊಂಡುಬಿಡುತ್ತದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ ಸಣ್ಣಗೆ ನಗುತ್ತಾರೆ. ಆ ನಗು ಇದೆಯಲ್ಲ, ಅದಕ್ಕೆ ಯಾವ ಪ್ಯಾಚೂ ಇಲ್ಲ.

ವಿಂಡೋಸ್ 11 ಹೊರಗೆ ಏನೇ ಹೇಳಿಕೊಳ್ಳಲಿ, ಒಳಗೆ ತನ್ನನ್ನು 10.0 ಎಂದೇ ಕರೆದುಕೊಳ್ಳುತ್ತದೆ. ವ್ಯತ್ಯಾಸ ಇರುವುದು ಅದರ ನಂತರದ ಐದಂಕಿಯ ಬಿಲ್ಡ್ ಸಂಖ್ಯೆಯಲ್ಲಿ. 19045 ಇದ್ದರೆ ವಿಂಡೋಸ್ 10ರ ಕೊನೆಯ ಕಂತು. 22000ದಿಂದ ಮೇಲಕ್ಕೆ ಹನ್ನೊಂದು: 22621, 22631, 26100 ಹೀಗೆ. ಇಷ್ಟು ಗೊತ್ತಿದ್ದರೆ ಹಳದಿ ಸಾಲುಗಳಲ್ಲಿ ಮುಕ್ಕಾಲು ಪಾಲು ಬೆಳ್ಳಗಾಗುತ್ತವೆ.

ಆದರೆ ಸಾಹೇಬರು ಅಷ್ಟಕ್ಕೆ ಏಳುವವರಲ್ಲ. ‘ಬೇರೆ ಯಾವುದಾದರೂ ಕಮಾಂಡ್ ಹಾಕಿ ತೋರಿಸಿ’ ಅನ್ನುತ್ತಾರೆ. ಆಗ ಯಾವ ಕಾರಣಕ್ಕೂ ಪವರ್‌ಶೆಲ್ ಎಂಬ ಇನ್ನೊಂದು ಕಮಾಂಡ್ ಕಿಟಕಿಯಲ್ಲಿ ಗೆಟ್-ಕಂಪ್ಯೂಟರ್‌ಇನ್ಫೋ ಹಾಕಬೇಡಿ. ಅದು ಒಂದೇ ಉಸಿರಿಗೆ ನಾಲ್ಕು ಉತ್ತರ ಕೊಡುತ್ತದೆ. ‘ವಿಂಡೋಸ್ ಕರೆಂಟ್ ವರ್ಷನ್’ ಎಂಬಲ್ಲಿ 6.3, ಅದು ವಿಂಡೋಸ್ 8.1ರ ಸಂಖ್ಯೆ, ಹಳೆಯ ಪ್ರೋಗ್ರಾಂಗಳು ಎಡವದಿರಲಿ ಅಂತ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಹಾಗೇ ಬಿಟ್ಟಿದ್ದಾರೆ. ‘ವಿಂಡೋಸ್ ವರ್ಷನ್’ ಎಂಬಲ್ಲಿ 2009; ಇಸವಿ ಅಂದುಕೊಳ್ಳಬೇಡಿ, 2020ರ ಒಂಬತ್ತನೇ ತಿಂಗಳು ಎಂಬ ಲೆಕ್ಕ, ಅಲ್ಲಿಗೆ ಆ ಗಡಿಯಾರ ನಿಂತಿದೆ. ‘ಪ್ರಾಡಕ್ಟ್ ನೇಮ್’ ಎಂಬಲ್ಲಿ ವಿಂಡೋಸ್ 10 ಪ್ರೊ. ಇನ್ನೊಂದಷ್ಟು ಸಾಲು ಕೆಳಗೆ ‘ಓಎಸ್ ನೇಮ್’ ಎಂಬಲ್ಲಿ ವಿಂಡೋಸ್ 11 ಪ್ರೊ. ಅದೇ ಯಂತ್ರ, ಅದೇ ಕಮಾಂಡು, ಅದೇ ಸೆಕೆಂಡು.

ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥ ಕೆ., ಆಧಾರದಲ್ಲಿ ಮಂಜುನಾಥ್ ಕೃಷ್ಣಪ್ಪ, ರೇಷನ್ ಕಾರ್ಡಿನಲ್ಲಿ ಮಂಜಣ್ಣ, ಮನೆಯಲ್ಲಿ ಪುಟ್ಟ. ನಾಲ್ವರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಬ್ಯಾಂಕಿಗೆ ಮಾತ್ರ ಗೊತ್ತಿಲ್ಲ. ಪುಟ್ಟನಿಗಾದರೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಬಹುದು. ಲ್ಯಾಪ್‌ಟಾಪಿಗೆ ಯಾವ ನೋಟರಿ?

ನಿಮ್ಮ ಡಿವೈಸ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರು ಪ್ರತಿ ಯಂತ್ರದಲ್ಲೂ ಕೂರಿಸಿದ ಏಜೆಂಟು ಈ ನಾಲ್ಕರಲ್ಲಿ ಯಾವುದನ್ನು ಓದುತ್ತದೋ ಪಟ್ಟಿಯಲ್ಲಿ ಅದೇ ಬರುತ್ತದೆ. ರಿಜಿಸ್ಟ್ರಿಯ ಪ್ರಾಡಕ್ಟ್ ನೇಮ್ ಓದುವ ಟೂಲು ಜನ್ಮದಲ್ಲಿ ಹನ್ನೊಂದು ಎನ್ನುವುದಿಲ್ಲ. ವಿಂಡೋಸ್ ತನ್ನ ಬಗ್ಗೆ ತಾನೇ ಕೊಡುವ ವಿನ್32 ಆಪರೇಟಿಂಗ್‌ಸಿಸ್ಟಂ ಎಂಬ ಮಾಹಿತಿಯ ‘ಕ್ಯಾಪ್ಷನ್’ ಓದುವುದು ಸರಿಯಾದ ಹೆಸರು ಹೇಳುತ್ತದೆ. ಬಿಲ್ಡ್ ನೋಡಿ ತೀರ್ಮಾನಿಸುವುದೇ ಎಲ್ಲಕ್ಕಿಂತ ಕ್ಷೇಮ. ಅಲ್ಲೂ ಒಂದು ಗುಂಡಿ ಇದೆ: ವಿಂಡೋಸ್ ಸರ್ವರ್ 2025ರ ಬಿಲ್ಡೂ 26100. ‘ಪ್ರಾಡಕ್ಟ್ ಟೈಪ್’ 1 (ಅಂದರೆ ಸರ್ವರ್ ಅಲ್ಲ) ಇದೆಯೇ ಎಂದು ನೋಡದೆ ಹೋದರೆ ಸರ್ವರ್ ರೂಮಿನ ಯಂತ್ರವೂ ಲ್ಯಾಪ್‌ಟಾಪುಗಳ ಸಾಲಿನಲ್ಲಿ ಬಂದು ಕೂರುತ್ತದೆ.

ಇದಕ್ಕಿಂತ ದೊಡ್ಡ ಪ್ರಮಾದ ಇನ್ನೊಂದು. ಯಾವ ಯಂತ್ರ ಪಾಸು, ಯಾವುದು ಫೇಲು ಎಂದು ತೀರ್ಮಾನಿಸುವ ಕಂಪ್ಲಯನ್ಸ್ ಪಾಲಿಸಿಯಲ್ಲಿ ‘ಕನಿಷ್ಠ ವರ್ಷನ್’ ಎಂಬ ಖಾಲಿ ಜಾಗ ಕಂಡ ಕೂಡಲೇ ಯಾರೋ ಉತ್ಸಾಹಿ ಅಲ್ಲಿ 11 ಎಂದು ತುಂಬುತ್ತಾನೆ. ಭೂಮಿಯ ಮೇಲಿನ ಯಾವ ವಿಂಡೋಸೂ ಒಳಗೆ 11 ಅಲ್ಲವಾದ್ದರಿಂದ ಎಲ್ಲವೂ ಫೇಲು. ಪಾಸಾದ ಯಂತ್ರಕ್ಕೆ ಮಾತ್ರ ಮೇಲ್ ಎಂದು ಪಾಲಿಸಿಗೆ ಕೊಂಡಿ ಹಾಕಿದ್ದರಂತೂ ಮಧ್ಯಾಹ್ನದ ಹೊತ್ತಿಗೆ ಇಡೀ ಆಫೀಸಿನ ಮೇಲ್ ಬಂದ್. ಅಲ್ಲಿ ಬರೆಯಬೇಕಾದದ್ದು 10.0.22000 ಅಥವಾ ಅದಕ್ಕಿಂತ ಮೇಲಿನ ಬಿಲ್ಡು.

ಎಲ್ಲದಕ್ಕೂ ಟೂಲನ್ನೇ ಬೈಯುವುದೂ ನ್ಯಾಯವಲ್ಲ. ಪ್ರತಿ ಆಫೀಸಿನಲ್ಲೂ ಒಬ್ಬ ಮುಚ್ಚಳ ಮುಚ್ಚುವ ಮಹಾಶಯ ಇರುತ್ತಾರೆ. ಸಂಜೆ ಲ್ಯಾಪ್‌ಟಾಪ್ ಟಪ್ ಎಂದು ಮುಚ್ಚಿ ಬ್ಯಾಗಿಗೆ ತುರುಕಿದರೆ ಮುಗಿಯಿತು. ಅಪ್‌ಡೇಟ್ ಇಳಿದು, ಕೂತು, ರೀಸ್ಟಾರ್ಟಿಗಾಗಿ ಮೂರು ವಾರದಿಂದ ಕಾಯುತ್ತಿರುತ್ತದೆ. ಬಿಲ್ಡ್ ಮಾತ್ರ ಹಳೆಯದೇ. ಕೇಳಿದರೆ, ‘ನಾನು ದಿನಾ ಶಟ್‌ಡೌನ್ ಮಾಡ್ತೀನಪ್ಪ.’ ಅವರು ಮಾಡಿಯೂ ಇರಬಹುದು! ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಎನ್ನುವುದು ವಿಂಡೋಸಿನ ಒಳತಿರುಳಾದ ಕರ್ನಲ್‌ಗೆ ಜೋಲಿ ಕಟ್ಟಿ ಮಲಗಿಸಿದ ಹಾಗೆ, ಬೆಳಿಗ್ಗೆ ಅದೇ ಎದ್ದು ಬರುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ, ಸಿಪಿಯು ಕೆಳಗೆ, ‘ಅಪ್ ಟೈಮ್’ ನೋಡಿ. 21 ದಿನ ಎಂದು ಇದ್ದರೆ ಅವರ ಮುಖಕ್ಕೆ ಹಿಡಿಯಿರಿ, ಮಾತು ಬೇಡ. ಮೆನುವಿನಲ್ಲಿ ‘ರೀಸ್ಟಾರ್ಟ್’ ಎಂದು ಬೇರೆ ಒತ್ತಿದರೆ ಹೊಸ ಕರ್ನಲ್ ಏಳುತ್ತದೆ. ಎದ್ದ ಮೇಲೂ ಮುಂದಿನ ಚೆಕ್-ಇನ್ ಆಗುವ, ಅಂದರೆ ಏಜೆಂಟು ಮತ್ತೆ ವರದಿ ಒಪ್ಪಿಸುವ ತನಕ ಪಟ್ಟಿಯಲ್ಲಿರುವುದು ಹಳೆಯ ಫೋಟೋ. ಅದಕ್ಕೇ ವರ್ಷನ್ ಕಾಲಂ ಓದುವ ಮೊದಲು ‘ಕೊನೆಯ ಚೆಕ್-ಇನ್’ ಕಾಲಂ ಓದುವುದು ಒಳ್ಳೆಯದು. ಅಲ್ಲಿ ನಾಲ್ಕು ತಿಂಗಳ ಹಿಂದಿನ ತಾರೀಕು ಇದ್ದರೆ ಆ ಲ್ಯಾಪ್‌ಟಾಪಿಗೆ ಬೇಕಿರುವುದು ಅಪ್‌ಡೇಟ್ ಅಲ್ಲ, ಹುಡುಕಾಟ.

ಮ್ಯಾಕ್ ಇಟ್ಟುಕೊಂಡವರು ಕಾಲರ್ ಏರಿಸಬೇಕಾಗಿಲ್ಲ. 2020ರಲ್ಲಿ ಮ್ಯಾಕ್‌ಓಎಸ್ ಬಿಗ್ ಸರ್ 11 ಬಂದಾಗ ಹಳೆಯ ಎಸ್‌ಡಿಕೆಯಲ್ಲಿ (ಪ್ರೋಗ್ರಾಂ ಕಟ್ಟುವ ಸಲಕರಣೆ ಪೆಟ್ಟಿಗೆ) ಕಟ್ಟಿದ ಪ್ರೋಗ್ರಾಂ ಕೇಳಿದರೆ 10.16 ಎಂದು ಉತ್ತರ ಕೊಡುತ್ತಿತ್ತು. 2025ರಲ್ಲಿ 15ರಿಂದ ಒಂದೇ ನೆಗೆತಕ್ಕೆ 26. ಹಳೆಯ ಪ್ರೋಗ್ರಾಂ ಕೇಳಿದರೆ 16. ಇನ್ನು ಕ್ರೋಮ್ ಬ್ರೌಸರು ವೆಬ್‌ಸೈಟುಗಳಿಗೆ ತೋರಿಸುವ ಗುರುತುಪಟ್ಟಿ ನಂಬಿದಿರೋ, ಮ್ಯಾಕ್‌ಗಳೆಲ್ಲ 10.15.7ರಲ್ಲೇ ಹೆಪ್ಪುಗಟ್ಟಿವೆ, ವಿಂಡೋಸ್‌ಗಳೆಲ್ಲ ಎನ್‌ಟಿ 10.0. ಲಾಗಿನ್ ದಾಖಲೆಯಲ್ಲಿ ಒಂದು, ಏಜೆಂಟಿನ ಪಟ್ಟಿಯಲ್ಲಿ ಇನ್ನೊಂದು ಬಂದಾಗ ಏಜೆಂಟಿನ ಪಕ್ಷ ವಹಿಸಿ.

ಎಕ್ಸ್‌ಪಿ ಕಾಲ ನೆನಪಾಗುತ್ತದೆ. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸರ್ವಿಸ್ ಪ್ಯಾಕ್ 2 ಅಥವಾ 3. ಹಿಂದೆ ಹಸಿರು ಗುಡ್ಡ, ನೀಲಿ ಆಕಾಶ. ಒಳಗೆ ಅದೂ 5.1 ಅಂತಲೇ ಇತ್ತು, ಆದರೆ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಈಗ ಕೇಳುತ್ತಾರೆ, ಅದೂ ಎಕ್ಸೆಲ್‌ನಲ್ಲಿ. ಎಕ್ಸೆಲ್‌ಗೆ ವರ್ಷನ್ ಎಂದರೆ ದಶಾಂಶ. ಲಿನಕ್ಸಿನ ಉಬುಂಟು 24.10 ಅದರ ಬಾಯಿಗೆ ಬಿದ್ದರೆ ಕೊನೆಯ ಸೊನ್ನೆ ನುಂಗಿ 24.1 ಮಾಡುತ್ತದೆ. ಇಳಿಸಿದ ಫೈಲನ್ನು ಡಬಲ್ ಕ್ಲಿಕ್ ಮಾಡದೆ, ಡೇಟಾ ಮೆನುವಿನಿಂದ ತಂದು, ಆ ಕಾಲಂಗೆ ‘ಟೆಕ್ಸ್ಟ್’ ಎಂದು ಆರಿಸಿದರೆ ಸೊನ್ನೆ ಉಳಿಯುತ್ತದೆ. ಆದರೆ ಟೆಕ್ಸ್ಟ್ ಎಂದು ಆರಿಸಿ ಆಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ, ಅಕ್ಷರದ ಲೆಕ್ಕದಲ್ಲಿ ‘9’ ಎನ್ನುವುದು ‘1’ಕ್ಕಿಂತ ದೊಡ್ಡದು. ಚುಕ್ಕೆ ಚುಕ್ಕೆಗೆ ಕತ್ತರಿಸಿ, ಬೇರೆ ಬೇರೆ ಕಾಲಂ ಮಾಡಿ, ಸಂಖ್ಯೆಯಾಗಿ ಜೋಡಿಸಬೇಕು. ಸಾಹೇಬರಿಗೆ ಅಷ್ಟು ಪುರುಸೊತ್ತಿಲ್ಲ. ಹಾಗಾಗಿ ಐಓಎಸ್ ಹಾಳೆಯ ನೆತ್ತಿಯ ಮೇಲೆ, 18 ಮತ್ತು 26ರ ಹೊಸ ಫೋನುಗಳನ್ನೆಲ್ಲ ಕೆಳಗೆ ತಳ್ಳಿ, ಮೀಟಿಂಗ್ ರೂಮಿನ ಗೋಡೆಗೆ ಅಂಟಿಕೊಂಡ ಐಪ್ಯಾಡ್ 2 ಕೂತಿದೆ. ವರ್ಷನ್ 9.3.5. ಇಡೀ ಹಾಳೆಯಲ್ಲಿ ಅದೊಂದಕ್ಕೇ ಹಸಿರು, ಪಕ್ಕದಲ್ಲಿ ಟಿಪ್ಪಣಿ: ‘ಗುಡ್. ಉಳಿದವರೂ ಹೀಗೇ ಮಾಡಲಿ.’